ಕಿರುತೆರೆಯ ಟಿಪ್ಪು, ಪಟ್ಟಣದ ಟಿಪ್ಪು

ಧಾರಾವಾಹಿಯ ಪಾತ್ರಗಳನ್ನು ಜನ ಎಷ್ಟರ ಮಟ್ಟಿಗೆ ನಂಬುತ್ತಾರೆ? ಬ್ರಿಟನ್ನಿನ ‘ಕಾರೊನೇಶನ್ ಸ್ಟ್ರೀಟ್’ 1960ರ ಡಿಸೆಂಬರಿನಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಧಾರಾವಾಹಿ. 1998ರಲ್ಲಿ ಅದರ ಡಿಯರ್‌ಡ್ರಿ ಎಂಬ ಪಾತ್ರ ಮಾಡದ ತಪ್ಪಿಗೆ ಜೈಲು ಸೇರಿತು. ಆಕೆಯನ್ನು ಬಿಡಿಸಬೇಕೆಂದು ವೀಕ್ಷಕರು ಚಳವಳಿ ಹೂಡಿದರು, ಪತ್ರಿಕೆಗಳು ದನಿಗೂಡಿಸಿದವು. ಪ್ರಧಾನಿ ಟೋನಿ ಬ್ಲೇರ್ ಕೂಡ ಆ ಬಗ್ಗೆ ಮಾತನಾಡಿದರು. ಇಲ್ಲದ ಹೆಣ್ಣುಮಗಳೊಬ್ಬಳಿಗಾಗಿ ಇಷ್ಟೆಲ್ಲ!

ಹೀಗಿರುವಾಗ ನಿಜವಾಗಿಯೂ ಬಾಳಿ ಬದುಕಿದ ವ್ಯಕ್ತಿಯೇ ಧಾರಾವಾಹಿಯ ಪಾತ್ರವಾದರೆ? ಇದಕ್ಕೆ ಉತ್ತರ ಶ್ರೀರಂಗಪಟ್ಟಣದಲ್ಲಿದೆ.

ಭಗವಾನ್ ಗಿದ್ವಾನಿಯವರ 1976ರ ಕಾದಂಬರಿಯನ್ನು ಆಧರಿಸಿದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ 1990ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಸಂಜಯ್ ಖಾನ್ ಟಿಪ್ಪುವಾದರು, ಶಹಬಾಜ್ ಖಾನ್ ಹೈದರಾಲಿಯಾದರು. ಸಂಗೀತ ನೌಷಾದರದು. ಹಳ್ಳಿಗಳಲ್ಲಿ ದೂರದರ್ಶನ ಬಿಟ್ಟರೆ ಬೇರೆ ಚಾನೆಲ್ ಇಲ್ಲದ ಕಾಲ ಅದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಜನರಿಗೆ ತಮ್ಮ ನೆಲದ ಕಥೆ ಹಿಂದಿಯಲ್ಲಿ ಕೇಳಿಸಿತು. ಇದು ಕಾದಂಬರಿ ಆಧಾರಿತ ಕಾಲ್ಪನಿಕ ಕಥೆ ಎಂಬ ಪ್ರಕಟಣೆಯನ್ನು ಧಾರಾವಾಹಿಯ ಜೊತೆಗೇ ನೀಡಬೇಕಾಯಿತು. ಆದರೆ ನೋಡಿದವರ ನೆನಪಿನಲ್ಲಿ ಪ್ರಕಟಣೆ ನಿಲ್ಲುವುದು ಕಡಿಮೆ, ಮುಖ ನಿಲ್ಲುವುದು ಹೆಚ್ಚು.

ಆ ಧಾರಾವಾಹಿಗೆ ದೊಡ್ಡ ಬೆಲೆಯನ್ನೂ ತೆರಬೇಕಾಯಿತು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣದ ವೇಳೆ ಬೆಂಕಿ ಹೊತ್ತಿ 62 ಮಂದಿ ಸತ್ತರು. ಸಂಜಯ್ ಖಾನ್ ತೀವ್ರವಾಗಿ ಸುಟ್ಟ ಗಾಯಗಳೊಂದಿಗೆ ಬದುಕಿ ಉಳಿದರು. ಟಿಪ್ಪುವಿನ ಪಾತ್ರ ನೆನಪಿರುವವರು ಈ 62 ಜನರನ್ನೂ ನೆನೆಯಬೇಕು.

ಇನ್ನು ನೆಲದ ಸಾಕ್ಷ್ಯ. ಟಿಪ್ಪುವಿನ ಬದುಕು 1799ರ ಮೇ 4ರಂದು ಕೋಟೆಯಲ್ಲಿ ಮುಗಿಯಿತು. ಆದರೆ ಅವನ ಮಂತ್ರಿ ಪೂರ್ಣಯ್ಯನವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೈದರನಿಗೂ ಟಿಪ್ಪುವಿಗೂ ದುಡಿದ ಅವರೇ ಮುಂದೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾಗಿ 1811ರವರೆಗೆ ರಾಜ್ಯಭಾರ ನಡೆಸಿದರು. ಅವರ ಕಾಲದಲ್ಲಿ, 1804ರಲ್ಲಿ ಮುಗಿದ ಕಲ್ಲಿನ ವೆಲ್ಲೆಸ್ಲಿ ಸೇತುವೆ ಪಟ್ಟಣದ ಕಾವೇರಿಗೆ ಅಡ್ಡಲಾಗಿ ಇದೆ. ಇವರು ನಾಯಕರೋ, ಖಳನಾಯಕರೋ? ಧಾರಾವಾಹಿಯ ಅಚ್ಚಿಗೆ ಇಂಥವರು ಒಗ್ಗುವುದಿಲ್ಲ.

ಸುತ್ತಲಿನ ಊರುಗಳದೂ ಅದೇ ಕಥೆ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಅದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಅದೇ ತಾಲ್ಲೂಕಿನ ಚಿನಕುರಳಿಯಲ್ಲಿ 1771ರಲ್ಲಿ ಹೈದರನನ್ನು ಸೋಲಿಸಿದವರು ಮರಾಠರು. 1792ರಲ್ಲಿ ನಾಗಮಂಗಲವನ್ನು ಹಾಳುಗೆಡವಿದ್ದೂ ಮರಾಠಾ ಸೇನೆಯೇ. ಕೆ.ಆರ್. ಪೇಟೆ ಮೊದಲು ಅತ್ತಿಕುಪ್ಪೆಯಾಗಿತ್ತು; ಕೃಷ್ಣರಾಜರ ಹೆಸರು ಬಂದದ್ದು ಆಮೇಲೆ. ಯುದ್ಧವೆಂದರೆ ಟಿಪ್ಪು ಮತ್ತು ಇಂಗ್ಲಿಷರು ಮಾತ್ರ ಎಂದುಕೊಂಡ ವಿದ್ಯಾರ್ಥಿಗೆ ಈ ಊರುಗಳ ಪಾಡು ತಿಳಿಯುವುದೇ ಇಲ್ಲ.

ಟಿಪ್ಪುವಿನ ವಿಚಾರದಲ್ಲೂ ಹಾಗೆಯೇ. ಶೃಂಗೇರಿ ಮಠಕ್ಕೆ ಅವನು ಬರೆದ ಪತ್ರಗಳು ಉಳಿದಿವೆ. ಕೊಡಗು, ಮಲಬಾರಿನಲ್ಲಿ ಅವನ ದಂಡಯಾತ್ರೆಗಳ ಕಹಿ ನೆನಪುಗಳೂ ಉಳಿದಿವೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಚರಿತ್ರೆಯಾಗದು.

ತಂದೆ-ತಾಯಿಯರು ಒಂದು ರಜೆಯ ದಿನವನ್ನು ಇದಕ್ಕೆ ಮೀಸಲಿಡಬಹುದು. ಹೊರಡುವ ಮುನ್ನ, ಟಿಪ್ಪುವಿನ ಬಗ್ಗೆ ತಿಳಿದದ್ದನ್ನು ಮಕ್ಕಳು ಪುಸ್ತಕದಲ್ಲಿ ಬರೆಯಲಿ. ಬಳಿಕ ಟಿಪ್ಪುವಿನ ಶವ ಸಿಕ್ಕ ಜಾಗದ ಕಲ್ಲು, ಗುಂಬಜ್, ಪೂರ್ಣಯ್ಯನವರ ಸೇತುವೆ ನೋಡಿಬರಲಿ. 1784ರ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದು ಗೆದ್ದವರು ಬರೆಸಿದ ಚಿತ್ರ ಎಂಬುದನ್ನೂ ಹೇಳಿಕೊಡಬೇಕು. ಮನೆಗೆ ಬಂದು ಮೊದಲು ಬರೆದದ್ದನ್ನು ತೆಗೆದು, ಪ್ರತಿ ಸಾಲಿನ ಮುಂದೆ ಗುರುತು ಹಾಕಲಿ: ಇದು ಪಾಠದಲ್ಲಿ ಓದಿದ್ದು, ಇದು ಕಣ್ಣಾರೆ ಕಂಡದ್ದು, ಇದು ಟಿ.ವಿ.ಯಲ್ಲಿ ನೋಡಿದ್ದು. ಈ ಅಭ್ಯಾಸ ಒಮ್ಮೆ ಬಂದರೆ ಮುಂದೆ ಯಾವ ಧಾರಾವಾಹಿ ನೋಡಿದರೂ ಮಕ್ಕಳು ಮೋಸ ಹೋಗುವುದಿಲ್ಲ.