ಕಸಿಗೆ ಹಣವಿದೆ, ಕಸಿಯಾದ ಮಗುವಿಗಿಲ್ಲ

ಆಗಸ್ಟ್ 3ರ ಅಂಗಾಂಗ ದಾನ ದಿನ ಮತ್ತೆ ಬಂದು ಹೋಯಿತು. 1994ರಲ್ಲಿ ಅದೇ ದಿನ ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ದೇಶದ ಮೊದಲ ಯಶಸ್ವಿ ಹೃದಯ ಕಸಿ ನಡೆಸಿತ್ತು. ಪ್ರತಿಜ್ಞೆ, ಜಾಥಾ, ಭಾಷಣ ಎಲ್ಲವೂ ಆದವು. ಆಗಲಿ, ದಾನಿಗಳು ಬೇಕು. ನನ್ನ ಸಿಟ್ಟಿಗೆ ಕಾರಣ ಬೇರೆ. ಕಸಿ ಮಾಡಿಸಿಕೊಂಡ ಮಗು ಹೂಗುಚ್ಛ ಹಿಡಿದು ಆಸ್ಪತ್ರೆಯಿಂದ ಹೊರಬಂದ ಫೋಟೊದಲ್ಲೇ ಎಲ್ಲರ ವರದಿ ಮುಗಿಯುತ್ತದೆ. ಆ ಮಗು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಹುಡಗಿಯಂಥ ಊರಿಗೆ ಮರಳಿದ ಮೇಲೆ ಏನಾಗುತ್ತದೆಂದು ಯಾರೂ ಕೇಳುವುದಿಲ್ಲ. ಕಸಿಗೆ ಹಣ ಕೊಡುವ ಸರ್ಕಾರವೇ ಆ ಕಸಿಯನ್ನು ಉಳಿಸುವ ಔಷಧಿಯನ್ನೂ ರಕ್ತಪರೀಕ್ಷೆಯನ್ನೂ ಮಗುವಿನ ಊರಿನ ಹತ್ತಿರವೇ, ಪುಕ್ಕಟೆಯಾಗಿ, ಜೀವನಪರ್ಯಂತ ಒದಗಿಸಬೇಕು.

ಹೊಸ ಅಂಗವನ್ನು ದೇಹ ಎಂದಿಗೂ ಪೂರ್ತಿ ತನ್ನದೆಂದು ಒಪ್ಪುವುದಿಲ್ಲ. ಆ ಪ್ರತಿರೋಧವನ್ನು ಅಡಗಿಸಲು ಟ್ಯಾಕ್ರೊಲಿಮಸ್‌ನಂಥ ಔಷಧಿಯನ್ನು ದಿನಕ್ಕೆರಡು ಸಲ, ಹನ್ನೆರಡು ತಾಸಿನ ಅಂತರದಲ್ಲಿ ಕೊಡಬೇಕು. ಕಡಿಮೆಯಾದರೆ ದೇಹ ಅಂಗವನ್ನು ತಿರಸ್ಕರಿಸುತ್ತದೆ. ಹೆಚ್ಚಾದರೆ ಕಿಡ್ನಿ ಕೆಡುತ್ತದೆ, ಸೋಂಕು ನುಗ್ಗುತ್ತದೆ. ದೊಡ್ಡವರಿಗೆ ಒಮ್ಮೆ ಹೊಂದಿಸಿದ ಪ್ರಮಾಣ ಬಹುಕಾಲ ನಡೆದೀತು. ಮಗುವಿನ ತೂಕ ಏರುತ್ತಲೇ ಇರುತ್ತದೆ, ಅದರ ದೇಹ ಈ ಔಷಧಿಯನ್ನು ದೊಡ್ಡವರಿಗಿಂತ ಬೇಗ ಕರಗಿಸುತ್ತದೆ. ಭೇದಿ ಹತ್ತಿದರೆ ರಕ್ತದಲ್ಲಿ ಔಷಧಿಯ ಮಟ್ಟ ತಟ್ಟನೆ ಏರಬಹುದು. ಎರಿಥ್ರೊಮೈಸಿನ್ ಕೊಟ್ಟರೆ ಏರುತ್ತದೆ, ಕ್ಷಯದ ರಿಫಾಂಪಿಸಿನ್ ಕೊಟ್ಟರೆ ಇಳಿಯುತ್ತದೆ. ಚಕ್ಕೋತದ ನಾಲ್ಕು ತೊಳೆ ಕೂಡ ಲೆಕ್ಕ ತಪ್ಪಿಸಬಲ್ಲವು. ಹೀಗಾಗಿ ಮತ್ತೆ ಮತ್ತೆ ರಕ್ತಪರೀಕ್ಷೆ ಆಗಬೇಕು, ರಕ್ತವನ್ನು ಬೆಳಗಿನ ಔಷಧಿಗೆ ಮುಂಚೆಯೇ ತೆಗೆಯಬೇಕು. ಹುಮನಾಬಾದಿನಿಂದ ಹೈದರಾಬಾದ್ ಸುಮಾರು 150 ಕಿ.ಮೀ., ಬೆಂಗಳೂರು 600 ಕಿ.ಮೀ.ಗೂ ಹೆಚ್ಚು. ಎಂಟು ಗಂಟೆಗೆ ಔಷಧಿ ಕುಡಿಯುವ ಮಗುವನ್ನು ಅದಕ್ಕೆ ಮುಂಚೆ ಹೈದರಾಬಾದಿನ ಲ್ಯಾಬಿನಲ್ಲಿ ಕೂಡಿಸಬೇಕಾದರೆ ನಸುಕಿನ ನಾಲ್ಕಕ್ಕೇ ಮನೆ ಬಿಡಬೇಕು. ಬೆಂಗಳೂರಾದರೆ ಹಿಂದಿನ ದಿನವೇ ಹೊರಡಬೇಕು. ಗುಂಪಿನಿಂದ ದೂರವಿಡಿ ಎಂದು ಡಾಕ್ಟರು ಎಚ್ಚರಿಸಿ ಕಳಿಸಿದ ಮಗುವನ್ನೇ ನಾವು ತುಂಬಿದ ಬಸ್ಸು ಹತ್ತಿಸುತ್ತಿದ್ದೇವೆ.

ಆ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತುವವರನ್ನೂ ನೋಡಬೇಕು. ಪುಟ್ಟ ಮಕ್ಕಳ ಯಕೃತ್ ಕಸಿಗೆ ಅತಿ ಸಾಮಾನ್ಯ ಕಾರಣ ಬೈಲಿಯರಿ ಅಟ್ರೀಸಿಯ, ಅಂದರೆ ಎಳೆತನದಲ್ಲೇ ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ. ನಮ್ಮ ದೇಶದಲ್ಲಿ ಯಕೃತ್ತಿನ ತುಣುಕು ಕೊಡುವವರು ಹೆಚ್ಚಾಗಿ ತಾಯಿ ಅಥವಾ ತಂದೆ. ಹೊಟ್ಟೆ ಕೊಯ್ಸಿಕೊಂಡ ತಾಯಿಗೆ ಕೆಲವು ತಿಂಗಳು ಭಾರ ಎತ್ತಬೇಡ ಎನ್ನುತ್ತಾರೆ; ಅವಳ ಕಂಕುಳಲ್ಲಿ ಇರುವುದೇ ಆ ಮಗು. ಊರಿಗೆ ಬಂದ ಮೇಲೆ ಅವಳು ಒಬ್ಬಂಟಿ ಕಾವಲುಗಾರ್ತಿ. ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿ ಜೀವಂತ ವೈರಾಣು ಇರುವುದರಿಂದ ಕಸಿಯಾದ ಮಗುವಿಗೆ ಅದು ಸಲ್ಲದು, ಅದೇ ಮನೆಯ ಒಡಹುಟ್ಟಿದವರಿಗೂ ಹನಿಯ ಬದಲು ಚುಚ್ಚುಮದ್ದೇ ಒಳ್ಳೆಯದು. ಪಲ್ಸ್ ಪೋಲಿಯೊ ಭಾನುವಾರ ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೆ ಇದನ್ನು ತಾಯಿಯೇ ತಿಳಿಹೇಳಬೇಕಾದ ಪರಿಸ್ಥಿತಿ ಬರಬಾರದು. ನಮ್ಮ ಕಡೆ ಮಗುವಿಗೆ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಗುಳ್ಳೆ ಎದ್ದರೆ ಅಮ್ಮ ಬಂದಿದ್ದಾಳೆ ಎಂದು ಬೇವಿನ ಸೊಪ್ಪು ಕಟ್ಟಿ ಸುಮ್ಮನಿರುವ ರೂಢಿ ಇನ್ನೂ ಇದೆ. ನಂಬಿಕೆಯ ಜೊತೆ ನನಗೆ ಜಗಳವಿಲ್ಲ, ಸುದ್ದಿ ಮುಚ್ಚಿಡುವುದರ ಜೊತೆ ಇದೆ. ಪಕ್ಕದ ಬೆಂಚಿನ ಮಗುವಿಗೆ ಚಿಕನ್‌ಪಾಕ್ಸ್ ಬಂದದ್ದು ಕೂಡಲೇ ತಿಳಿದರೆ ಕಸಿಯಾದ ಮಗುವಿಗೆ ತಡೆಮದ್ದು ಕೊಡಿಸಲು ಕೆಲವೇ ದಿನಗಳ ಅವಕಾಶವಿರುತ್ತದೆ, ತಡವಾಗಿ ತಿಳಿದರೆ ಆಸ್ಪತ್ರೆಯೇ ಗತಿಯಾಗಬಹುದು. ಶಾಲೆಯ ಹೆಡ್‌ಮಾಸ್ತರರಿಗೆ ಇದನ್ನು ಒಂದು ಪುಟದಲ್ಲಿ ಬರೆದುಕೊಡಲು ಆರೋಗ್ಯ ಇಲಾಖೆಗೆ ಏನು ಕಷ್ಟ?

ಕರ್ನಾಟಕದ ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಕಸಿಗೆ ನೆರವು ಕೊಡುತ್ತದೆ. ಯೋಜನೆ ಪ್ರಕಟವಾದಾಗ ಯಕೃತ್ ಕಸಿಗೆ 12 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದ್ದರು, ಅದರಲ್ಲಿ ಕಸಿ ನಂತರದ ಔಷಧಿಯ ಪಾಲು 1 ಲಕ್ಷ. ಮೆಚ್ಚಬೇಕಾದ ಯೋಜನೆಯೇ. ಆದರೆ ಲಕ್ಷ ರೂಪಾಯಿ ಕರಗಿದ ದಿನ ಮಗುವಿಗೆ ಮೂರೋ ನಾಲ್ಕೋ ವರ್ಷ. ಔಷಧಿ ಬೇಕಾದದ್ದು ಅರವತ್ತು ವರ್ಷಕ್ಕೆ. 1998ರಲ್ಲಿ ದೇಶದ ಮೊದಲ ಮಕ್ಕಳ ಯಕೃತ್ ಕಸಿಯಾದದ್ದು ಕಾಂಚೀಪುರದ, ಎರಡು ವರ್ಷವೂ ತುಂಬದ ಮಗುವಿಗೆ. ಅಪ್ಪನ ಯಕೃತ್ತಿನ ತುಣುಕು ಪಡೆದ ಆ ಹುಡುಗ ಮುಂದೆ ಡಾಕ್ಟರನೇ ಆದ. ಇಷ್ಟು ದೀರ್ಘ ಆಯುಷ್ಯ ಸಾಧ್ಯವೆಂದು ತೋರಿಸಿಕೊಟ್ಟ ದೇಶದಲ್ಲಿ ಔಷಧಿಯ ನೆರವಿಗೆ ಮಿತಿ ಹಾಕುವುದು ಅನ್ಯಾಯ. ಪಕ್ಕದ ತೆಲಂಗಾಣದಲ್ಲಿ ಆರೋಗ್ಯಶ್ರೀ ಯೋಜನೆ ಕಸಿಯಾದವರಿಗೆ ಜೀವನಪರ್ಯಂತ ಔಷಧಿಯ ಭಾರ ಹೊತ್ತಿದೆ. ಹುಮನಾಬಾದಿನಿಂದ ಹೈದರಾಬಾದ್ ಹೆದ್ದಾರಿಯಲ್ಲಿ ತೆಲಂಗಾಣದ ಜಹೀರಾಬಾದಿಗೆ ಹೋದರೆ ನಿಯಮ ಬೇರೆ, ಮಗುವಿನ ಹಣೆಬರಹವೂ ಬೇರೆ.

ಬೀದರ್ ಜಿಲ್ಲೆಯಲ್ಲಿ ರಕ್ತಹೀನತೆಯಿಂದ ಬಳಲುವ ಸಾವಿರಾರು ಮಕ್ಕಳಿರುವಾಗ ಬೆರಳೆಣಿಕೆಯ ಕಸಿ ಮಕ್ಕಳಿಗೆ ಏಕಿಷ್ಟು ಆತುರ ಎಂದು ಕೇಳುವವರಿದ್ದಾರೆ. ತೂಕವಿರುವ ಆಕ್ಷೇಪವೇ. ಆದರೆ 11 ಲಕ್ಷ ಖರ್ಚು ಮಾಡಿ ಉಳಿಸಿದ ಅಂಗವನ್ನು ತಿಂಗಳ ಔಷಧಿಯಿಲ್ಲದೆ ಕಳೆದುಕೊಂಡರೆ ಆ ಹಣ ರಕ್ತಹೀನ ಮಕ್ಕಳಿಗೂ ದಕ್ಕಲಿಲ್ಲ, ಈ ಮಗುವಿಗೂ ದಕ್ಕಲಿಲ್ಲ. ಸಂಖ್ಯೆ ಚಿಕ್ಕದಿದ್ದರೆ ಖರ್ಚೂ ಚಿಕ್ಕದೇ. ಇನ್ನು ಕೆಲವು ತಜ್ಞರು, ಈ ಮಕ್ಕಳನ್ನು ಸಣ್ಣ ಊರಿನ ಡಾಕ್ಟರರ ಕೈಗೆ ಬಿಡಬಾರದು ಎನ್ನುತ್ತಾರೆ. ಬಿಡಿ ಎಂದು ನಾನೂ ಹೇಳುತ್ತಿಲ್ಲ. ಪ್ರಮಾಣ ನಿರ್ಧರಿಸುವುದು ಕಸಿ ಮಾಡಿದ ತಂಡವೇ ಆಗಲಿ. ಪ್ರಯಾಣ ಮಾತ್ರ ಮಗುವಿನ ಬದಲು ರಕ್ತ ಮಾಡಲಿ. ಟ್ಯಾಕ್ರೊಲಿಮಸ್ ಅಳೆಯಲು ತೆಗೆದ ರಕ್ತ ಸಾಮಾನ್ಯ ಉಷ್ಣತೆಯಲ್ಲೂ ಕೆಲವು ದಿನ ಕೆಡುವುದಿಲ್ಲ. ಹುಮನಾಬಾದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಗ್ಗೆ ಏಳೂವರೆಗೆ ರಕ್ತ ತೆಗೆದು ಬೀದರಿನ ಬ್ರಿಮ್ಸ್ ಅಥವಾ ಕಲಬುರಗಿಯ ಜಿಮ್ಸ್ ವೈದ್ಯಕೀಯ ಕಾಲೇಜಿಗೆ ಕಳಿಸಿ, ಫಲಿತಾಂಶವನ್ನು ಕಸಿ ತಂಡಕ್ಕೆ ಮುಟ್ಟಿಸಿದರೆ ಕೆಲಸವಾಯಿತು. ಖಾಸಗಿ ಲ್ಯಾಬುಗಳು ಸಣ್ಣ ಊರುಗಳಲ್ಲಿ ರಕ್ತ ಸಂಗ್ರಹಿಸಿ ಮಹಾನಗರಕ್ಕೆ ಕಳಿಸುವುದು ದಿನನಿತ್ಯದ ವ್ಯವಹಾರ, ಅದಕ್ಕೆ ಅವು ಹಣ ಎಣಿಸಿಕೊಳ್ಳುತ್ತವೆ ಅಷ್ಟೆ. ಟ್ಯಾಕ್ರೊಲಿಮಸ್ ಮಟ್ಟ ಅಳೆಯುವ ಯಂತ್ರ ಬೀದರಿಗೋ ಕಲಬುರಗಿಗೋ ಬಂದರೆ ಇದೇ ಔಷಧಿ ತೆಗೆದುಕೊಳ್ಳುವ, ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಿಡ್ನಿ ಕಾಯಿಲೆಯ ಮಕ್ಕಳಿಗೂ ಉಪಯೋಗ.

ಹಣದ ಕೊರತೆಯ ಮಾತನ್ನು ನಮ್ಮ ಭಾಗದಲ್ಲಿ ಯಾರೂ ಆಡಬಾರದು. 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024–25ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಈ ಅಂಕಣದಲ್ಲಿ ಹಲವು ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮಂಡಳಿಯ ಹಣ ಎಂದಾಕ್ಷಣ ನಮ್ಮ ಜನಪ್ರತಿನಿಧಿಗಳ ಕಣ್ಣಿಗೆ ಬೀಳುವುದು ಸಿಮೆಂಟು. ಫಲಕ ಹಾಕಿಸಲು ಗೋಡೆ ಬೇಕು, ರಕ್ತದ ಸೀಸೆಯ ಮೇಲೆ ಶಾಸಕರ ಹೆಸರು ಕೆತ್ತಲು ಆಗುವುದಿಲ್ಲ. ಹುಮನಾಬಾದ್, ಬಸವಕಲ್ಯಾಣದ ಶಾಸಕರು ಮುಂದಿನ ಅಧಿವೇಶನದಲ್ಲಿ ಜೀವನಪರ್ಯಂತ ಔಷಧಿ, ತಾಲ್ಲೂಕಿನಲ್ಲೇ ರಕ್ತಪರೀಕ್ಷೆ, ಈ ಎರಡನ್ನು ಎದ್ದು ನಿಂತು ಕೇಳಲಿ. ಕೇಳದಿದ್ದರೆ ಮುಂದಿನ ಸಿಸಿ ರಸ್ತೆಯ ಭೂಮಿಪೂಜೆಗೆ ಬಂದಾಗ, ನಸುಕಿನಲ್ಲಿ ಅದೇ ರಸ್ತೆಯ ಮೇಲೆ ಮಗುವನ್ನೆತ್ತಿಕೊಂಡು ಹೈದರಾಬಾದಿನ ಬಸ್ಸಿಗೆ ಓಡುವ ತಾಯಿಗೆ ಉತ್ತರ ಹೇಳಿ ಆಮೇಲೆ ಗುದ್ದಲಿ ಹಿಡಿಯಲಿ.