ಕೆಜಿಎಫ್‌ನ ಕಾರ್ಮಿಕರನ್ನೂ ಒಮ್ಮೆ ತೆರೆಗೆ ತನ್ನಿ
(ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ)

ಮಾನ್ಯ ಅಧ್ಯಕ್ಷರೇ,

ಕೋಲಾರ ಜಿಲ್ಲೆಯ ಕೆಜಿಎಫ್‌ನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿದವನು ನಾನು. ಮನೆಯಲ್ಲಿ ತಮಿಳು ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು ಬೆಳೆದೆ. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ನಮ್ಮೂರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. 2022ರಲ್ಲಿ ಬಂದ ಎರಡನೇ ಭಾಗ ಅದನ್ನು ಇನ್ನೂ ದೂರ ಒಯ್ದಿತು. ಕನ್ನಡದ ಚಿತ್ರವೊಂದು ಅಷ್ಟು ದೊಡ್ಡ ಗೆಲುವು ಕಂಡದ್ದು ನಮಗೂ ಹೆಮ್ಮೆ. ಆದರೆ ಹೊರಗೆ ಹೋದದ್ದು ಊರಿನ ಹೆಸರು ಮಾತ್ರ. ಊರಿನವರ ಬಾಳು ಇಲ್ಲೇ ಉಳಿಯಿತು. ಅದನ್ನು ತಮ್ಮ ಗಮನಕ್ಕೆ ತರಲೆಂದೇ ಈ ಪತ್ರ.

ಚಿತ್ರದಲ್ಲಿ ನರಾಚಿ ಎಂಬ ಗಣಿಯಿದೆ. ಅಲ್ಲಿ ಬಂದೂಕಿನ ಕಾವಲಿನಲ್ಲಿ ಗುಲಾಮರು ದುಡಿಯುತ್ತಾರೆ, ಹೊಡೆತ ತಿನ್ನುತ್ತಾರೆ, ಬಿಡಿಸುವವನೊಬ್ಬ ಬರಲೆಂದು ಕಾಯುತ್ತಾರೆ. ಕಥೆ ನಡೆಯುವುದು 1970ರ ದಶಕದ ಕೊನೆಯ ಹೊತ್ತಿನಲ್ಲಿ. ನಿಜವಾದ ಕೆಜಿಎಫ್ ಆಗ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರ್ಕಾರಿ ಉದ್ಯಮವಾಗಿತ್ತು. ಪಾಳಿಯ ಕೆಲಸ, ತಿಂಗಳ ಸಂಬಳ, ಗಣಿಯದೇ ಆಸ್ಪತ್ರೆ, ಗಟ್ಟಿ ದನಿಯ ಕಾರ್ಮಿಕ ಸಂಘಗಳು ಇದ್ದವು. ಕಷ್ಟವಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಬಂಡೆ ಸಿಡಿದು ಸತ್ತವರಿದ್ದಾರೆ. ಕಲ್ಲಿನ ದೂಳು ಪುಪ್ಪುಸಕ್ಕಿಳಿದು, ಸಿಲಿಕೋಸಿಸ್‌ನಿಂದ ಕೆಮ್ಮಿ ಕೆಮ್ಮಿ ತೀರಿಕೊಂಡವರಿದ್ದಾರೆ. ಆದರೆ ಈ ಕಷ್ಟದ ಎದುರು ನಮ್ಮ ಹಿರಿಯರು ಯಾವ ನಾಯಕನ ದಾರಿಯನ್ನೂ ಕಾಯಲಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದು ಸುರಂಗಕ್ಕಿಳಿದವರಲ್ಲಿ ಹೆಚ್ಚಿನವರು ದಲಿತರು. ಊರಿನಲ್ಲಿ ಜಮೀನ್ದಾರನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಿದ್ದವರು ಇಲ್ಲಿ ಕೂಲಿ ಕೇಳಲು ಕಲಿತರು, ಓದಲು ಕಲಿತರು. ತಮಿಳು ದಲಿತ ಚಿಂತಕ ಅಯೋತಿ ದಾಸರ ಬೌದ್ಧ ಚಳವಳಿ ಇಲ್ಲಿನ ಮಾರಿಕುಪ್ಪಂನಲ್ಲಿ ಬೇರೂರಿತು. ಅವರು ಶುರುಮಾಡಿದ್ದ ‘ತಮಿಳನ್’ ಪತ್ರಿಕೆಗೆ 1926ರಲ್ಲಿ ಮತ್ತೆ ಜೀವ ಬಂದದ್ದು ಇದೇ ಗಣಿಯೂರಿನಿಂದ. 1930ರಲ್ಲಿ, ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಿ ಎಂದು ಕಂಪನಿ ಹೊರಡಿಸಿದ ಆದೇಶವನ್ನು ಕಾರ್ಮಿಕರು ಒಪ್ಪಲಿಲ್ಲ. ನಾವೇನು ಕಳ್ಳರೇ ಎಂದು ಕೆಲಸ ನಿಲ್ಲಿಸಿದರು. 1946ರ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಒಂದಲ್ಲ, ಹತ್ತು ಸಿನಿಮಾಕ್ಕಾಗುವಷ್ಟು ಕಥೆ ಇಲ್ಲಿದೆ. ನನಗೆ ತಿಳಿದ ಮಟ್ಟಿಗೆ ಇದರಲ್ಲಿ ಒಂದೇ ಒಂದು ದೃಶ್ಯ ಕೂಡ ಕನ್ನಡದ ದೊಡ್ಡ ತೆರೆಗೆ ಬಂದಿಲ್ಲ.

ಇನ್ನೂ ಇದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು 1965ರಲ್ಲಿ ವಿಜ್ಞಾನಿಗಳು ಹಿಡಿದದ್ದು ಚಾಂಪಿಯನ್ ರೀಫ್ಸ್‌ನ ಆಳದಲ್ಲಿ. ಆ ಆಳಕ್ಕೆ ದಾರಿ ಕೊರೆದ ಕೈಗಳು ಕಾರ್ಮಿಕರವು.

ಕಲ್ಪನೆಗೆ ಬೇಲಿ ಹಾಕಿ ಎಂದು ನಾನು ಕೇಳುತ್ತಿಲ್ಲ. ‘ಕೆಜಿಎಫ್’ ಕಟ್ಟುಕಥೆ, ಹಾಗೆ ಕಟ್ಟುವ ಹಕ್ಕು ನಿರ್ದೇಶಕರಿಗಿದೆ. ಆದರೆ ಒಂದು ಊರಿನ ಬಗ್ಗೆ ಜನ ನೋಡುವುದು ಒಂದೇ ಕಥೆಯಾದಾಗ ಅದೇ ಆ ಊರಿನ ಚರಿತ್ರೆಯಾಗಿ ಕೂತುಬಿಡುತ್ತದೆ. ಕೆಜಿಎಫ್ ಎಂದೊಡನೆ ಚಿನ್ನ, ಬಂದೂಕು, ಚಿತ್ರದ ನಾಯಕ ರಾಕಿ ಎಂದು ಹೇಳುವ ಮಕ್ಕಳಿಗೆ ಕಾರ್ಮಿಕ ಎಂಬ ಮಾತು ನೆನಪಾಗುವುದೇ ಇಲ್ಲ. ಬೆಂಗಳೂರಿನ ದುಡಿಯುವವರ ಬಡಾವಣೆಗಳ ಪಾಡೂ ಇದೇ. ‘ಮೆಜೆಸ್ಟಿಕ್’, ‘ಕಲಾಸಿಪಾಳ್ಯ’ ಎಂಬ ಹೆಸರಿನಲ್ಲೇ ರೌಡಿ ಕಥೆಗಳು ಬಂದವು. ಬೆಳಗಿನ ಜಾವವೇ ಎದ್ದು ಕಲಾಸಿಪಾಳ್ಯದಲ್ಲಿ ಮೂಟೆ ಹೊರುವ ಹಮಾಲಿ, ತರಕಾರಿ ಮಾರುವ ಹೆಂಗಸು, ಲಾರಿ ಕ್ಲೀನರ್ ಹುಡುಗ ಈ ಚಿತ್ರಗಳಲ್ಲಿ ಹೊಡೆದಾಟದ ಹಿನ್ನೆಲೆಗೆ ನಿಂತ ಗುಂಪಷ್ಟೇ. ಅತ್ತ ತಮಿಳಿನಲ್ಲಿ ಪಾ. ರಂಜಿತ್ 2024ರಲ್ಲಿ ‘ತಂಗಲಾನ್’ ಮಾಡಿ, ಈ ಚಿನ್ನದ ನೆಲಕ್ಕೂ ದಲಿತ ದುಡಿಮೆಗೂ ಇರುವ ನಂಟನ್ನು ತಮ್ಮ ರೀತಿಯಲ್ಲಿ ಹೇಳಿದರು. ನಮ್ಮ ರಾಜ್ಯದ ಊರಿನ ಜನರ ಬಗ್ಗೆ ಕನ್ನಡ ಚಿತ್ರರಂಗ ಯಾಕೆ ಸುಮ್ಮನಿರಬೇಕು?

ಚಿತ್ರೀಕರಣದ ಜಾಗದ ಬಗ್ಗೆಯೂ ಹೇಳಬೇಕು. ಗಣಿ ಅಗೆದು, ಚಿನ್ನ ತೆಗೆದು ಉಳಿದ ಕೋಟ್ಯಂತರ ಟನ್ ಮಣ್ಣು ಇಲ್ಲಿ ಗುಡ್ಡ ಗುಡ್ಡವಾಗಿ ಬಿದ್ದಿದೆ. ನಾವು ಅದನ್ನು ಸೈನೈಡ್ ಗುಡ್ಡ ಅನ್ನುತ್ತೇವೆ. ಕ್ಯಾಮೆರಾಗೆ ಅದು ಯಾವುದೋ ಬೇರೆ ಲೋಕದಂತೆ ಕಾಣುತ್ತದೆ, ಅದಕ್ಕೇ ಸಿನಿಮಾದವರು ಬರುತ್ತಾರೆ. ಗಾಳಿಗಾಲದಲ್ಲಿ ಅದೇ ದೂಳು ನಮ್ಮ ಅಡುಗೆಮನೆಗೆ ಬರುತ್ತದೆ, ಮಕ್ಕಳ ಕಣ್ಣಿಗೂ ಮೂಗಿಗೂ ಹೋಗುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಊರಿನ ಅನ್ನದ ದಾರಿ ರೈಲು. ಕತ್ತಲಿರುವಾಗಲೇ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ಮನೆ ಸೇರುವವರು ಸಾವಿರಾರು ಮಂದಿ. ಗುಡ್ಡದಲ್ಲಿ ಶೂಟಿಂಗ್ ಆದಾಗ ಊರಿಗೆ ಬರುವುದು ಕೆಲವು ದಿನಗಳ ಕೂಲಿ. ಅಷ್ಟಕ್ಕೇ ಮುಗಿಯಿತು.

ಅಧ್ಯಕ್ಷರೇ, ತಮ್ಮಲ್ಲಿ ನನ್ನ ಬೇಡಿಕೆಗಳು ದೊಡ್ಡವಲ್ಲ. ಇಂಥ ಊರುಗಳಲ್ಲಿ ಚಿತ್ರೀಕರಣಕ್ಕೆ ಅನುಮತಿ ಕೊಡುವಾಗ, ಶುಲ್ಕದ ಒಂದು ಪಾಲು ಆ ಊರಿನ ಶಾಲೆ, ಗ್ರಂಥಾಲಯಗಳಿಗೇ ಸೇರಬೇಕೆಂದು ಸರ್ಕಾರಕ್ಕೆ ಶಿಫಾರಸು ಮಾಡಿ. ಸೈನೈಡ್ ಗುಡ್ಡದಂಥ ಜಾಗದಲ್ಲಿ ದೂಳೆಬ್ಬಿಸದಂತೆ, ಕೆಲಸಕ್ಕೆ ಬಂದವರ ಆರೋಗ್ಯಕ್ಕೆ ಕುಂದಾಗದಂತೆ ಷರತ್ತು ವಿಧಿಸಲು ಹೇಳಿ. ಅಕಾಡೆಮಿ ಬೆಂಗಳೂರಿನಲ್ಲಿ ನಡೆಸುವ ಅಂತರರಾಷ್ಟ್ರೀಯ ಚಿತ್ರೋತ್ಸವದ ಕೆಲವು ಪ್ರದರ್ಶನಗಳನ್ನು ನಮ್ಮೂರಿನ ರಾಬರ್ಟ್‌ಸನ್‌ಪೇಟೆಗೂ ತನ್ನಿ. ನಮ್ಮ ಹುಡುಗ ಹುಡುಗಿಯರಿಗೆ ಇಲ್ಲೇ ಕಥೆ ಬರೆಯುವ, ಕ್ಯಾಮೆರಾ ಹಿಡಿಯುವ ತರಬೇತಿ ಕೊಡಿ. ಆಗ ಇನ್ನೊಬ್ಬರು ಬಂದು ನಮ್ಮ ಕಥೆ ಹೇಳಬೇಕಾದ ಅಗತ್ಯ ಬೀಳುವುದಿಲ್ಲ.

ಎಲ್ಲಕ್ಕಿಂತ ತುರ್ತಿನದು ಇನ್ನೊಂದಿದೆ. ನಾಡಿನ ಸಾಮಾಜಿಕ, ಚಾರಿತ್ರಿಕ ಬದುಕನ್ನು ತೋರಿಸುವ ಚಿತ್ರಗಳ ಭಂಡಾರಕ್ಕೆಂದು 2025-26ರ ರಾಜ್ಯ ಬಜೆಟ್ಟಿನಲ್ಲಿ 3 ಕೋಟಿ ರೂಪಾಯಿ ಘೋಷಣೆಯಾಗಿದೆ. ಆ ಭಂಡಾರದಲ್ಲಿ ಕೆಜಿಎಫ್‌ನ ಗಣಿ ಕಾರ್ಮಿಕರ ಮಾತೂ ಇರಲಿ. ಗಣಿಯ ಲಿಫ್ಟಾದ ಕೇಜಿನಲ್ಲಿ ನಿಂತು ಸುರಂಗಕ್ಕಿಳಿದವರಲ್ಲಿ ಬಹುಮಂದಿ ಈಗ ಮುದುಕರು. ಅವರಲ್ಲಿ ಕೆಲವರಾದರೂ ಪ್ರತಿವರ್ಷ ನಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ. ಅವರನ್ನು ತಮಿಳು, ತೆಲುಗು, ಕನ್ನಡ ಯಾವ ಭಾಷೆಯಲ್ಲಾದರೂ ಮಾತಾಡಿಸಿ, ಚಿತ್ರೀಕರಿಸಿ ಇಡಿ. ನಾಳೆ ಒಬ್ಬ ನಿರ್ದೇಶಕ ಈ ಊರಿನ ಬಗ್ಗೆ ಸಿನಿಮಾ ಮಾಡಲು ಹೊರಟರೆ, ಆತನ ಕೈಗೆ ಸಿಗುವ ಮೊದಲ ಆಕರ ಅದಾಗಲಿ. ಈ ಕೆಲಸವನ್ನು ಈ ವರ್ಷವೇ ಶುರುಮಾಡಬೇಕೆಂದು ನಮ್ಮೂರಿನ ಪರವಾಗಿ ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕೆಜಿಎಫ್‌ನ ಗಣಿ ಕಾರ್ಮಿಕನೊಬ್ಬನ ಮಗ