ನಮ್ಮ ಊರುಗಳ ನಕ್ಷೆಯನ್ನು ಬರೆಯತಕ್ಕವರು ಯಾರು?



ಭೂಗೋಳದ ತರಗತಿಯಲ್ಲಿ ಬಾಲಿಕೆಯರು ಕೃಷ್ಣಾ ತುಂಗಭದ್ರಾ ನದಿಗಳನ್ನು ನೀಲಿಯ ಗೆರೆಗಳಿಂದ ತೋರಿಸಿ, ನಡುವಣ ಎಡೆದೊರೆನಾಡಿನಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ಮೂರು ಚುಕ್ಕೆಗಳನ್ನಿಟ್ಟರೆ ಉಪಾಧ್ಯಾಯಿನಿಯರು ಸಂತೋಷದಿಂದ ಅಂಕಗಳನ್ನು ಕೊಡುವರು. ಪರೀಕ್ಷೆಗೆ ಅಷ್ಟು ಸಾಕು. ಪ್ರವಾಹದ ರಾತ್ರಿಗೆ ಸಾಲದು.

ನಾರಾಯಣಪುರದ ಜಲಾಶಯದಿಂದ ಬಹಳ ನೀರನ್ನು ಬಿಟ್ಟಾಗ ಲಿಂಗಸುಗೂರು ತಾಲೂಕಿನ ಶೀಲಹಳ್ಳಿಯ ಸೇತುವೆಯು ಮುಳುಗಿ, ಕಡದರಗಡ್ಡಿ, ಯರಗೋಡಿ, ಹಂಚಿನಾಳ ಮುಂತಾದ ಗ್ರಾಮದವರಿಗೆ ಹತ್ತಿರದ ದಾರಿ ತಪ್ಪುತ್ತದೆ. ಹೊಳೆಯ ನಡುವಣ ಕರಕಲಗಡ್ಡಿ, ಮಾದರಗಡ್ಡಿ, ವೆಂಕಮ್ಮನಗಡ್ಡಿಗಳಲ್ಲಿ ಸಂಸಾರಗಳು ಕುರಿದನಗಳೊಡನೆ ಸಿಕ್ಕಿಕೊಳ್ಳುತ್ತವೆ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿಯೂ ಹಾಗೆಯೇ ಆಯಿತು. ಇಂಥ ಸಮಯದಲ್ಲಿ ದೂರದಿಂದ ದೋಣಿಯೊಡನೆ ಬರುವ ರಕ್ಷಕನಿಗೆ ಯಾವ ಗಡ್ಡೆಯಲ್ಲಿ ಮನೆಗಳಿವೆ, ಯಾವ ದಾರಿ ಮೊದಲು ಮುಳುಗುವುದು ಎಂಬುದನ್ನು ತಿಳಿಸತಕ್ಕವರು ಯಾರು?

ಈ ಪ್ರಶ್ನೆಗೆ ಲೋಕದ ಬೇರೆ ಕಡೆಗಳಲ್ಲಿ ಸಾಮಾನ್ಯ ಜನರೇ ಒಂದು ಉತ್ತರವನ್ನು ಕಂಡುಕೊಂಡಿದ್ದಾರೆ. 2005ರಲ್ಲಿ ಕತ್ರೀನಾ ಎಂಬ ಚಂಡಮಾರುತವು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಹಾಳುಮಾಡಿದಾಗ, ಟೆಕ್ಸಾಸಿನ ಇಬ್ಬರು ತರುಣರು ಅಂತರ್ಜಾಲದಲ್ಲಿ ಒಂದು ನಕ್ಷೆಯನ್ನು ತೆರೆದಿಟ್ಟರು. ಯಾವ ಬೀದಿಯಲ್ಲಿ ಎಷ್ಟು ನೀರಿದೆ ಎಂದು ಬಲ್ಲವರೆಲ್ಲರೂ ಅದರಲ್ಲಿ ಗುರುತಿಡಬಹುದಾಗಿತ್ತು. ಅದಕ್ಕೆ ಮುಂಚೆಯೇ, 2004ರಲ್ಲಿ, ಇಂಗ್ಲೆಂಡಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯು ಹುಟ್ಟಿತ್ತು. ಯಾರು ಬೇಕಾದರೂ ಅದರಲ್ಲಿ ಬರೆಯಬಹುದು, ತಿದ್ದಬಹುದು, ಬೆಲೆಯಿಲ್ಲದೆ ಉಪಯೋಗಿಸಬಹುದು. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪವಾದಾಗ, ಆ ದೇಶವನ್ನು ಎಂದೂ ಕಾಣದ ನೂರಾರು ಜನರು ಉಪಗ್ರಹದ ಚಿತ್ರಗಳನ್ನು ನೋಡಿ ಅಲ್ಲಿಯ ರಾಜಧಾನಿಯ ಬೀದಿಗಳನ್ನು ಕೆಲವೇ ದಿನಗಳಲ್ಲಿ ಬರೆದುಕೊಟ್ಟರು. 2013ರ ನವೆಂಬರಿನಲ್ಲಿ ಫಿಲಿಪೈನ್ಸಿಗೆ ಹೈಯಾನ್ ಚಂಡಮಾರುತವು ಬಡಿದಾಗ ಹೀಗೆ ದುಡಿದವರು 1600ಕ್ಕೂ ಹೆಚ್ಚು ಮಂದಿ. ಕೂಲಿಯಿಲ್ಲ, ಹೆಸರಿಲ್ಲ, ಜೆರಿಕೋವಿನ ದಾರಿಯಲ್ಲಿ ಗಾಯಾಳುವನ್ನು ಎತ್ತಿಕೊಂಡ ಸಮಾರ್ಯದವನು ನಮ್ಮ ನೆನಪಿಗೆ ಬಾರದಿರುವನೇ?

ಆದರೆ ಹೊಗಳಿ ಸುಮ್ಮನಾಗುವುದು ನ್ಯಾಯವಲ್ಲ. ಹೈಯಾನಿನ ತರುವಾಯ ಸ್ಥಳಕ್ಕೆ ಹೋಗಿ ಪರೀಕ್ಷಿಸಿದವರಿಗೆ, ಪೂರ್ಣವಾಗಿ ನಾಶವಾದವೆಂದು ನಕ್ಷೆಯಲ್ಲಿ ಗುರುತಿಸಿದ್ದ ಮನೆಗಳ ಲೆಕ್ಕವು ನಿಜಕ್ಕಿಂತ ಬಹಳ ಹೆಚ್ಚೆಂದೂ, ಸ್ವಲ್ಪಮಟ್ಟಿಗೆ ಕೆಟ್ಟ ಮನೆಗಳ ಲೆಕ್ಕವು ಬಹಳ ಕಡಿಮೆಯೆಂದೂ ತಿಳಿದುಬಂತು. ಆಕಾಶದಿಂದ ನೋಡಿದವನಿಗೆ ಮಾಳಿಗೆ ಕಾಣುತ್ತದೆ, ಬಿರುಕು ಬಿಟ್ಟ ಗೋಡೆ ಕಾಣುವುದಿಲ್ಲ. ಊರಿನ ಹೆಸರಂತೂ ಎಷ್ಟು ಎತ್ತರದಿಂದ ನೋಡಿದರೂ ಕಾಣಿಸದು.

ಹೆಸರಿನ ಮಾತನ್ನು ಮಸ್ಕಿಯವರಿಗೆ ಹೇಳಬೇಕೇ? ದೇವಾನಾಂಪ್ರಿಯನೆಂಬ ಬಿರುದು ದೇಶದ ಎಷ್ಟೋ ಬಂಡೆಗಳ ಮೇಲೆ ಇದ್ದರೂ, 1915ರಲ್ಲಿ ಮಸ್ಕಿಯ ಶಾಸನವು ಬೆಳಕಿಗೆ ಬಂದು ಅದರಲ್ಲಿ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ದೊರೆತ ಮೇಲಲ್ಲವೇ ವಿದ್ವಾಂಸರ ಸಂದೇಹ ತೀರಿದ್ದು! ಸಿಂಧನೂರಿನ ಕಡೆ ಬೇರೆ ತೊಡಕುಂಟು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ನೆಲಸಿದವರ ಊರುಗಳಿಗೂ, ಪೂರ್ವಬಂಗಾಳದಿಂದ ಬಂದ ನಿರಾಶ್ರಿತರ ಊರುಗಳಿಗೂ ‘ಕ್ಯಾಂಪು’ ಎಂದೇ ಹೆಸರು. ಪರದೇಶದವನು ಅದನ್ನು ಓದಿ ಡೇರೆಗಳನ್ನು ಹುಡುಕಿಯಾನು! ಅಲ್ಲಿ ಮೊಮ್ಮಕ್ಕಳನ್ನು ಕಂಡ ಸಂಸಾರಗಳಿವೆಯೆಂದು ಅವನಿಗೇನು ಗೊತ್ತು?

ಇದು ಸರ್ಕಾರದ ಕೆಲಸವೆಂದು ಕೆಲವರು ಹೇಳುವರು. ಸರ್ಕಾರವು ತನ್ನ ಕೆಲಸವನ್ನು ಮಾಡಲಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಮಳೆಯನ್ನು ಅಳೆಯುವ ಯಂತ್ರಗಳನ್ನು ನಿಲ್ಲಿಸಿದೆ. ಬಿದ್ದ ಮಳೆಯನ್ನು ಯಂತ್ರವು ಹೇಳೀತು. ಹಳ್ಳದ ಆಚೆಯ ದೊಡ್ಡಿಗೆ ಯಾವ ಕಾಲುದಾರಿ ಎಂಬುದನ್ನು ಹೇಳದು. ಆದುದರಿಂದ ಈ ಕಾರ್ಯವು ಇಲ್ಲಿಯೇ ಹುಟ್ಟಿ ಬೆಳೆದು, ಓದುಬರಹ ಕಲಿತ ನಮ್ಮ ವಿದ್ಯಾರ್ಥಿನಿಯರಿಗೆ ಸೇರಿದ್ದೆಂದು ನನ್ನ ದೃಢವಾದ ಅಭಿಪ್ರಾಯ. ಮೊಬೈಲು ಈಗ ಅನೇಕ ಮನೆಗಳಲ್ಲಿದೆ. ಆ ನಕ್ಷೆಯಲ್ಲಿ ಕನ್ನಡದ ಹೆಸರನ್ನು ಕನ್ನಡದ ಲಿಪಿಯಲ್ಲಿಯೇ ಬರೆಯಲು ಅವಕಾಶವೂ ಇದೆ.

ಮಗಳು ಮೊಬೈಲು ಹಿಡಿದರೆ ಕಳವಳಪಡುವ ತಾಯಂದಿರಿಗೆ ಒಂದು ಮಾತು. ಇದರಲ್ಲಿ ಬರೆಯುವುದು ದಾರಿ, ಸೇತುವೆ, ಶಾಲೆ, ಎತ್ತರದ ನೆಲ, ಕುಡಿಯುವ ನೀರು, ಇಷ್ಟೇ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಒಂಟಿ ಎಂಬುದನ್ನು ಎಂದಿಗೂ ಬರೆಯಕೂಡದು. ಕೇಳಿದ್ದನ್ನು ಕಂಡದ್ದೆಂದು ಬರೆಯಕೂಡದು. ಒಮ್ಮೆ ಬರೆದು ಮರೆಯುವುದಂತೂ ಬರೆಯದಿರುವುದಕ್ಕಿಂತ ಕೇಡು. ಕಿತ್ತುಹೋದ ಸೇತುವೆಯನ್ನು ತೋರಿಸುವ ನಕ್ಷೆಯನ್ನು ನಂಬಿ ಬಂದವನ ಪಾಡನ್ನು ಯೋಚಿಸಿರಿ. ಪ್ರತಿವರ್ಷವೂ ಮುಂಗಾರಿಗೆ ಮೊದಲು ಅದನ್ನು ತಿರುಗಿ ನೋಡತಕ್ಕದ್ದು.

ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವ ಬಾಲಿಕೆಯರು ಈ ಕೆಲಸವನ್ನು ಆರಂಭಿಸಬಹುದು. ಮೊದಲು ಹರಿಗೋಲು ನಡೆಸುವವರನ್ನೂ, ಕುರಿ ಕಾಯುವವರನ್ನೂ, ಹಿಂದಿನ ಪ್ರವಾಹಗಳನ್ನು ಕಂಡ ಅಜ್ಜಿಯರನ್ನೂ ಕೇಳಲಿ. 2009ರ ನೀರು ಎಲ್ಲಿಯ ತನಕ ಏರಿತ್ತೆಂದು ಗೋಡೆಯ ಮೇಲೆ ಬೆರಳಿಟ್ಟು ತೋರಿಸಬಲ್ಲವರು ಇನ್ನೂ ಇದ್ದಾರೆ.